ಮೂರನೆಯ ಸೀಸೆ

ಕೇಸ್‌ಶೀಟಿನಲ್ಲಿ ತೂಕ: ಸುಮಾರು ತೊಂಬತ್ತು.
ಬರೆದವನು ಹೊಸ ಹುಡುಗ,
ಹೆಂಗಸಿನ ತೂಕ ಕೇಳಲು ನಾಚಿ
ಕಣ್ಣಳತೆಯಲ್ಲೇ ಮರ್ಯಾದೆ ಉಳಿಸಿದ್ದಾನೆ.
ವಾರ್ಡಿನ ತಕ್ಕಡಿಯ ಮುಳ್ಳೂ ಹಾಗೇ,
ನೂರಿಪ್ಪತ್ತಕ್ಕೆ ಹೋಗಿ ತಡೆದು ನಿಲ್ಲುತ್ತದೆ,
ಅದರಾಚೆ ಮನುಷ್ಯರಿಲ್ಲವೆಂಬಂತೆ.

ನಾನು ಕೇಳಿದೆ. "ಎಷ್ಟಮ್ಮ ತೂಕ?"
ಟ್ರಾಲಿಯ ಮೇಲಿದ್ದ ಮುನಿವೆಂಕಟಮ್ಮ
ಹಸಿರು ಟೋಪಿ ಹಣೆಯಿಂದ ಮೇಲೆ ತಳ್ಳಿ,
"ಜಾಲಿ ಮೊಹಲ್ಲಾದಲ್ಲಿ ಇಪ್ಪತ್ತಾರು ವರ್ಷದಿಂದ
ತಾಮ್ರ, ಹಿತ್ತಾಳೆ, ರದ್ದಿ ತೂಗ್ತಾ ಇದೀನಿ ಸಿಸ್ಟರ್,
ನನ್ ತೂಕ ನಂಗ್ ಗೊತ್ತಿರಲ್ವಾ?
ಮೊನ್ನೆ ಭಾನುವಾರ ಶಟರ್ ಎಳ್ಕೊಂಡು
ನನ್ ಕಾಟಾ ಮೇಲೆ ನಾನೇ ಹತ್ತಿ ನಿಂತೆ.
ನೂರ ಮೂವತ್ತೊಂದೂ ಮುಕ್ಕಾಲು.
ಕಾಲುಂಗುರ ಸೇರಿ."

ಟ್ರೇಯಲ್ಲಿ ಎರಡು ಸೀಸೆ.
ಒಂದೊಂದರಲ್ಲಿ ಒಂದು ಗ್ರಾಂ ಬಿಳಿ ಪುಡಿ.
ನಮ್ಮ ಥಿಯೇಟರಿನ ಗೋಡೆಯ ಹಾಳೆ ಹೇಳುವುದು ಇಷ್ಟೇ:
ದೊಡ್ಡವರಿಗೆ ಎರಡು, ನೂರಿಪ್ಪತ್ತು ದಾಟಿದರೆ ಮೂರು,
ಚಾಕು ತಾಗುವ ಮುಂಚಿನ ಒಂದು ಗಂಟೆಯೊಳಗೆ.
ಬಿಂದಿಗೆಗೆ ಹಾಕುವಷ್ಟು ಕ್ಲೋರಿನ್ನು
ಸಂಪಿಗೆ ಹಾಕಿ, ನೀರು ಕೆಟ್ಟಿತು ಅಂತ
ಸಂಪನ್ನೇ ಬೈದರೆ ಹೇಗೆ?

ಆಕೆಯನ್ನು ಹಾಗೇ ಬೈದಿದ್ದರು.
ಹದಿನೇಳು ವರ್ಷದ ಹಿಂದೆ, ಪಿತ್ತಕೋಶದ ಆಪರೇಷನ್ನು.
ಆರನೇ ದಿನ ಹೊಲಿಗೆ ಕೆಂಪಾಗಿ, ಎಂಟನೇ ದಿನ ಬಿರಿದು,
ನಲವತ್ತು ದಿನ ಗಾಜು ತುರುಕಿ ತೆಗೆದು,
ತೆಗೆದು ತುರುಕಿ...
ಅತ್ತೆ ಅಂದಳು, ಬದನೆಕಾಯಿ ತಿಂದಿದ್ದಾಳೆ, ನಂಜಾಯಿತು.
ಎದುರುಮನೆಯವಳು, ಇಲ್ಲ, ಆಲೂಗಡ್ಡೆ.
ಡಾಕ್ಟರು ಹೊಟ್ಟೆ ತಟ್ಟಿ,
"ಇಷ್ಟು ಕೊಬ್ಬಿದ್ದರೆ ಇನ್ನೇನಾಗುತ್ತೆ?"
ಅಂದಿನಿಂದ ಆಕೆ ಬದನೆಕಾಯಿ ಮುಟ್ಟಿಲ್ಲ.
ಆ ಗಾಯ ಸರಿಯಾಗಿ ಕೂಡಲಿಲ್ಲ,
ಅಲ್ಲಿಂದಲೇ ಕರುಳು ಈಗ ಹೊರಗೆ ಇಣುಕುತ್ತಿದೆ,
ಅದಕ್ಕೇ ಇವತ್ತಿನ ಆಪರೇಷನ್ನು.

ದಿಂಬಿನ ಕೆಳಗೆ ಬಟ್ಟೆ ಅಂಗಡಿಯ ಕವರಿನಲ್ಲಿ ಹಳೇ ಫೈಲು.
ಊರಿನ ರದ್ದಿಯನ್ನೆಲ್ಲ ಕೊಂಡು ಮಾರಿದವಳು
ಇದೊಂದು ಕಾಗದ ಮಾರಿಲ್ಲ.
ಮೂರನೇ ಹಾಳೆ, ನೀಲಿ ಶಾಯಿ:
ಇಂಜೆಕ್ಷನ್ ಒಂದು ಗ್ರಾಂ.
ತೂಕದ ಮುಂದೆ ಗೆರೆ, ಬರೀ ಗೆರೆ.
ಸಹಿ ಯಾರದೋ ಓದಲಾಗಲಿಲ್ಲ.
ಆ ವರ್ಷ ನಾನೂ ಇಲ್ಲೇ ಇದ್ದೆ, ಇದೇ ಥಿಯೇಟರು,
ನನ್ನ ಪೆನ್ನೂ ನೀಲಿ.

ಇನ್ನೊಂದು, ಇನ್ನೆರಡು ಗ್ರಾಂ ಕೊಟ್ಟಿದ್ದರೆ?
ಗೊತ್ತಿಲ್ಲ. ಕೀವಿಗೆ ನೂರು ದಾರಿ.
ಆದರೆ ಆ ಒಂದು ದಾರಿಗೆ
ನಾವು ಬಾಗಿಲು ಹಾಕಿರಲಿಲ್ಲ.

"ಇನ್ನೂ ಏನು ಫ್ಲೇವಿಯಾ?" ಸರ್ಜನ್ನರು
ತೊಳೆದ ಕೈ ಎತ್ತಿಕೊಂಡು ನಿಂತಿದ್ದಾರೆ.
"ಇನ್ನೊಂದು ಸೀಸೆ ಬೇಕು ಸರ್."
"ತೊಂಬತ್ತು ಅಂತ ಬರೆದಿದೆಯಲ್ಲ?"
"ಬರೆದಿದೆ ಸರ್. ತೂಗಿಲ್ಲ."
ಸ್ಟೋರಿನ ಹುಡುಗ ಓಡಿದ, ಓಡಿಬಂದ.

ನೀರು ಬಿಟ್ಟು ಕುಲುಕಿ ದೀಪಕ್ಕೆ ಹಿಡಿದೆ.
ಪುಡಿ ಕರಗಿ ತಿಳಿಯಾಗುವವರೆಗೆ
ಮುನಿವೆಂಕಟಮ್ಮ ಕಣ್ಣು ಕದಲಿಸಲಿಲ್ಲ,
ಎದುರಿನವನ ತಕ್ಕಡಿ ನೋಡುವ ವ್ಯಾಪಾರಿಯ ಹಾಗೆ.
ಒಂದು. ಎರಡು. ಮೂರು.
"ಹ್ಞಾಂ," ಅಂದಳು, "ಈಗ ಸರಿಹೋಯ್ತು."
ಒಂಬತ್ತೂ ಹನ್ನೆರಡು.

ಮಾಸ್ಕು ಮುಖಕ್ಕೆ ಬರುವಾಗ ನನ್ನ ಕೈ ಹಿಡಿದು,
"ಸಿಸ್ಟರ್, ಬದನೆಕಾಯಿ ತಿನ್ಬೋದಾ ಇನ್ಮೇಲೆ?"
ಉತ್ತರ ಬಾಯಿಗೆ ಬರುವಷ್ಟರಲ್ಲಿ ಕೈ ಸಡಿಲಾಯಿತು.

ಪ್ಲಾಸ್ಟರಿನ ತುಂಡು ಹರಿದು ಬರೆದೆ:
ಮುಗಿಯದಿದ್ದರೆ ಒಂದೂ ಹನ್ನೆರಡಕ್ಕೆ ಮತ್ತೆ ಮೂರು ಗ್ರಾಂ.
ಡ್ರಿಪ್ಪಿನ ಕಂಬಕ್ಕೆ ಅಂಟಿಸಿದೆ.
ಮತ್ತೆ ಪೆನ್ನು ತೆಗೆದು, ಅದರ ಕೆಳಗೆ,
ಎಚ್ಚರವಾದ ಮೇಲೆ ಹೇಳಲು ಮರೆಯಬಾರದೆಂದು:
ಬದನೆಕಾಯಿ.